ಸೇವಾಪ್ರವಾಸಕ್ಕೆ ಮುನ್ನ

ಬೇಸಗೆಯ ರಜೆಯು ಸಮೀಪಿಸಿತೆಂದರೆ ನಮ್ಮ ದೊಡ್ಡ ಪಟ್ಟಣಗಳ ಕೆಲವು ಪಾಠಶಾಲೆಗಳಲ್ಲಿಯೂ ಕಾಲೇಜುಗಳಲ್ಲಿಯೂ ಒಂದು ಹೊಸ ಬಗೆಯ ಆಹ್ವಾನಪತ್ರಿಕೆಯು ಕೈಯಿಂದ ಕೈಗೆ ಸಾಗತೊಡಗುತ್ತದೆ. ವಿದ್ಯಾರ್ಥಿಗಳು ಹತ್ತು ಹದಿನೈದು ದಿವಸಗಳ ಮಟ್ಟಿಗೆ ನೇಪಾಳಕ್ಕೋ, ಕಾಂಬೋಡಿಯಕ್ಕೋ, ಆಫ್ರಿಕಾ ಖಂಡದ ಟಾಂಜಾನಿಯಕ್ಕೋ ಹೋಗಿ, ಅಲ್ಲಿಯ ಬಡಜನರ ಸೇವೆಯನ್ನು ಮಾಡಿ, ನಾಯಕತ್ವದ ಶಿಕ್ಷಣವನ್ನು ಪಡೆದು ಹಿಂದಿರುಗುವರೆಂದು ಅದರಲ್ಲಿ ಅಂದವಾಗಿ ಅಚ್ಚಾಗಿರುತ್ತದೆ. ಕೊನೆಯ ಪುಟದಲ್ಲಿ ತೆರಬೇಕಾದ ಹಣದ ಮೊತ್ತವಿರುತ್ತದೆ. ಅದರ ಕೆಳಗೆ, ಜೊತೆಯಲ್ಲಿ ಒಯ್ಯಬೇಕಾದ ಉಡುಪು, ಬೂಟು, ದೀಪ, ಔಷಧಗಳ ಪಟ್ಟಿಯಿರುತ್ತದೆ. ತಂದೆತಾಯಿಗಳು ಆ ಪಟ್ಟಿಯಂತೆ ಸಾಮಾನುಗಳನ್ನು ಕೊಂಡು ತಂದು ಪೆಟ್ಟಿಗೆಯನ್ನು ತುಂಬಿಸಿದರೆಂದರೆ ಸಿದ್ಧತೆಯು ಮುಗಿಯಿತೆಂಬುದೇ ಸಾಮಾನ್ಯವಾದ ಭಾವನೆ.

ದೇಶ ಸುತ್ತಬೇಕು, ಕೋಶ ಓದಬೇಕೆಂದು ನಮ್ಮ ಹಿರಿಯರು ಹೇಳಿದ್ದಾರೆ. ತರುಣರು ಪರದೇಶಗಳನ್ನು ಕಾಣುವುದನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುವವರೇ ಸರಿ. ಆದರೆ ನೋಡಲು ಹೋಗುವುದು ಬೇರೆ, ಸೇವೆ ಮಾಡಲು ಹೋಗುವುದು ಬೇರೆ. ನೋಡಲು ಹೋದವನು ಸಿದ್ಧತೆಯಿಲ್ಲದೆ ಹೋದರೆ ನಷ್ಟವು ಅವನದೇ. ಸೇವೆಗೆಂದು ಹೋದವನು ಸಿದ್ಧತೆಯಿಲ್ಲದೆ ಹೋದರೆ ನಷ್ಟವು ಅವನಿಗೆ ಆತಿಥ್ಯವನ್ನಿತ್ತ ಬಡವರ ಪಾಲಿಗೆ ಬರುತ್ತದೆ. ಇದು ಬರಿಯ ಊಹೆಯ ಮಾತಲ್ಲ. ಒಂದು ಶತಮಾನದ ಅನುಭವವು ಇದಕ್ಕೆ ಸಾಕ್ಷಿಯಾಗಿದೆ. ಆದಕಾರಣ ಇಂತಹ ಪ್ರವಾಸದ ಸಿದ್ಧತೆಯೆಂದರೆ ಏನಾಗಿರಬೇಕೆಂಬ ವಿಷಯವನ್ನು ಪಾಠಶಾಲೆಗಳ ಮುಖ್ಯಸ್ಥರೂ ತಂದೆತಾಯಿಗಳೂ ವಿದ್ಯಾ ಇಲಾಖೆಯ ಅಧಿಕಾರಿಗಳೂ ಆಲೋಚಿಸುವುದು ಅವಶ್ಯವೆಂದು ನಮಗೆ ತೋರುತ್ತದೆ.

ಮುಂದಾಳಿನ ಮೊದಲ ಪಾಠ

ನಾಯಕತ್ವವೆಂಬ ಮಾತನ್ನು ಮೊದಲು ವಿಚಾರಿಸೋಣ. 1901ನೆಯ ಇಸವಿಯ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಕೂಡಿದ ಕಾಂಗ್ರೆಸ್ಸಿಗೆ ಗಾಂಧೀಜಿಯವರು ದಕ್ಷಿಣ ಆಫ್ರಿಕದಿಂದ ಬಂದಿದ್ದರು. ಅಲ್ಲಿ ಕಂಡ ಸ್ವಯಂಸೇವಕರ ರೀತಿಯನ್ನು ಅವರು ತಮ್ಮ ಆತ್ಮಕಥೆಯಲ್ಲಿ ವಿವರಿಸಿರುವರು. ಒಬ್ಬನಿಗೆ ಕೆಲಸ ಹೇಳಿದರೆ ಅವನು ಮತ್ತೊಬ್ಬನಿಗೆ ಒಪ್ಪಿಸುವನು. ಆ ಮತ್ತೊಬ್ಬನು ಮೂರನೆಯವನಿಗೆ ಒಪ್ಪಿಸುವನು. ಪಾಯಿಖಾನೆಗಳ ಹೊಲಸನ್ನು ತೋರಿಸಿದರೆ, ಅದು ತಮ್ಮ ಕೆಲಸವಲ್ಲವೆಂಬ ಉತ್ತರ ಬಂದಿತು. ಗಾಂಧೀಜಿಯವರು ಒಂದು ಪೊರಕೆಯನ್ನು ಕೇಳಿ ಪಡೆದು ತಾವೇ ಶುಚಿಮಾಡಿದರು. ಅಷ್ಟಕ್ಕೆ ನಿಲ್ಲದೆ ಕಾಂಗ್ರೆಸ್ ಕಚೇರಿಗೆ ಹೋಗಿ, ತಮಗೆ ಏನಾದರೊಂದು ಕೆಲಸವನ್ನು ಕೊಡಬೇಕೆಂದು ಕೇಳಿ, ಗುಮಾಸ್ತೆಯಂತೆ ಕುಳಿತು ಕಾಗದಗಳ ರಾಶಿಗೆ ಉತ್ತರ ಬರೆದರು. 1894ರಲ್ಲಿಯೇ ನೇಟಾಲಿನಲ್ಲಿ ಭಾರತೀಯರ ಸಂಸ್ಥೆಯನ್ನು ಕಟ್ಟಿ ನಡೆಸಿದ್ದ ಬ್ಯಾರಿಸ್ಟರರು ಇವರು! ಮುಂದಾಳಾಗಬೇಕೆನ್ನುವವನು ಮೊದಲು ಕಲಿಯಬೇಕಾದುದು ಅಪ್ಪಣೆ ಕೊಡುವುದನ್ನಲ್ಲ, ಕೆಲಸ ಕೇಳುವುದನ್ನು ಎಂಬುದು ಇದರಿಂದ ವಿಶದವಾಗುತ್ತದೆ.

ಇದೇ ಪಾಠವನ್ನು ನಮ್ಮ ಕನ್ನಡನಾಡಿನಲ್ಲಿ ಶಿಸ್ತಿನ ರೂಪಕ್ಕೆ ತಂದವರು ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರು. ಅಮೇರಿಕದ ಮಿಚಿಗನ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ ಹಿಂದಿರುಗಿದ ಇವರು, 1923ರ ಕಾಕಿನಾಡ ಕಾಂಗ್ರೆಸ್ಸಿನ ಕಾಲಕ್ಕೆ ಹಿಂದೂಸ್ತಾನಿ ಸೇವಾದಳವನ್ನು ಸ್ಥಾಪಿಸಿದರು. ಮರುವರ್ಷ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆದ ಮಹಾಧಿವೇಶನದಲ್ಲಿ ಸ್ವಯಂಸೇವಕರಿಗೆ ಮುಂಚಿತವಾಗಿ ಶಿಕ್ಷಣವನ್ನಿತ್ತು ದುಡಿಸಲಾಯಿತು. ಕಲ್ಕತ್ತೆಗೂ ಬೆಳಗಾವಿಗೂ ನಡುವಣ ಇಪ್ಪತ್ತಮೂರು ವರ್ಷಗಳಲ್ಲಿ ತಿಳಿದು ಬಂದ ಸಂಗತಿಯೇನೆಂದರೆ, ಸದುದ್ದೇಶವೊಂದೇ ಸ್ವಯಂಸೇವಕನನ್ನು ಮಾಡಲಾರದು. ಅಭ್ಯಾಸವು ಬೇಕು, ಮತ್ತು ಆ ಅಭ್ಯಾಸವು ಕೆಲಸದ ದಿನಕ್ಕಿಂತ ಬಹಳ ಮುಂಚೆಯೇ ಆಗಿರಬೇಕು.

ಪರದೇಶದ ಸೇವೆಗೆ ಒಂದು ಮೇಲ್ಪಂಕ್ತಿ

ಅನ್ಯದೇಶಕ್ಕೆ ಹೋಗಿ ಗುದ್ದಲಿ ಹಿಡಿದು ದುಡಿಯುವ ಪದ್ಧತಿಯು ಮೊದಲಾದುದು ಯೂರೋಪು ಖಂಡದಲ್ಲಿ. ಪಿಯೆರ್ ಸೆರೆಸೋಲರೆಂಬ ಸ್ವಿಟ್ಜರ್ಲೆಂಡಿನ ಎಂಜಿನಿಯರರು ಇದರ ಮೂಲಪುರುಷರು. ಅವರ ತಂದೆ 1873ರಲ್ಲಿ ಆ ದೇಶದ ಅಧ್ಯಕ್ಷರಾಗಿದ್ದವರು. ಮೊದಲನೆಯ ಮಹಾಯುದ್ಧವು ಮುಗಿದ ಮೇಲೆ, 1920ರಲ್ಲಿ, ಫ್ರಾನ್ಸಿನ ವೆರ್ದೂನ್ ರಣರಂಗದ ಬಳಿಯ ಎಸ್ನ್ ಎಂಬ ಹಾಳುಬಿದ್ದ ಹಳ್ಳಿಗೆ ಅವರು ಕೆಲವು ಸಂಗಡಿಗರೊಡನೆ ಹೋಗಿ, ಮುರಿದ ಮನೆಗಳನ್ನು ಎತ್ತಿ ನಿಲ್ಲಿಸುವ ಕೆಲಸಕ್ಕೆ ತೊಡಗಿದರು. ಸಂಗಡಿಗರಲ್ಲಿ ಜರ್ಮನರೂ ಇದ್ದರು. ಶತ್ರುವೆನಿಸಿದ್ದವನ ಕೈಯೇ ಮನೆಯನ್ನು ಕಟ್ಟಿಕೊಡಲೆಂಬುದು ಉದ್ದೇಶ. ಆದರೆ ಜರ್ಮನರ ಇರುವಿಕೆಯು ಅಲ್ಲಿ ಕೆಲವರಿಗೆ ಸಹ್ಯವಾಗದೆ, ಕೆಲವೇ ತಿಂಗಳುಗಳಲ್ಲಿ ಕಾರ್ಯವು ನಿಂತುಹೋಯಿತು. ಎಷ್ಟು ಶುದ್ಧವಾದ ಸಂಕಲ್ಪವೇ ಆಗಲಿ, ಊರವರ ಒಪ್ಪಿಗೆಯಿಲ್ಲದೆ ಸಾಗದೆಂಬುದನ್ನು ಆ ಮೊದಲ ಶಿಬಿರವೇ ಕಲಿಸಿತು. ಮುಂದೆ 1928ರಲ್ಲಿ ರೈನ್ ನದಿಯ ಪ್ರವಾಹದಿಂದ ಹಾಳಾದ ಲೀಕ್ಟೆನ್‌ಸ್ಟೈನ್ ಎಂಬ ಪುಟ್ಟ ದೇಶದಲ್ಲಿ ಅವರ ಸಂಘವು ಹೊಲಗಳ ಕಲ್ಲುಮಣ್ಣನ್ನು ತೆಗೆದು ಹಸನುಮಾಡಿದಾಗ ನಾನಾ ದೇಶಗಳ 700ಕ್ಕೂ ಹೆಚ್ಚು ಮಂದಿ ಬಂದು ದುಡಿದರು.

ಈ ಸೆರೆಸೋಲರಿಗೂ ನಮ್ಮ ದೇಶಕ್ಕೂ ನೇರವಾದ ಸಂಬಂಧವಿದೆ. 1934ನೆಯ ಜನವರಿ 15ರ ಮಧ್ಯಾಹ್ನ ಬಿಹಾರವನ್ನೂ ನೇಪಾಳವನ್ನೂ ನಡುಗಿಸಿದ ಭೂಕಂಪದಲ್ಲಿ ಬಿಹಾರವೊಂದರಲ್ಲಿಯೇ ಏಳು ಸಾವಿರಕ್ಕೂ ಮಿಕ್ಕಿ ಜನರು ಮಡಿದರು. ಬಾಬು ರಾಜೇಂದ್ರಪ್ರಸಾದರು ಸೆರೆಮನೆಯಿಂದ ಹೊರಬಂದೊಡನೆ ಪರಿಹಾರಕಾರ್ಯದ ಹೊಣೆಯನ್ನು ಹೊತ್ತರು. ಐವತ್ತು ವಯಸ್ಸು ದಾಟಿದ್ದ ಸೆರೆಸೋಲರು ಆ ವರ್ಷವೇ ಹಿಂದೂಸ್ಥಾನಕ್ಕೆ ಬಂದರು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಅವರು ಮೊದಲನೆಯ ಸಲ ಸ್ವಯಂಸೇವಕರ ಗುಂಪನ್ನು ಕರೆತರಲಿಲ್ಲ. ತಾವು ಬಂದರು, ಸ್ಥಳವನ್ನು ನೋಡಿದರು, ಇಲ್ಲಿಯ ಮುಖಂಡರೊಡನೆ ಮಾತನಾಡಿದರು, ಹಿಂದಿರುಗಿದರು. ಅನಂತರವೇ, ಬೆರಳಲ್ಲಿ ಎಣಿಸುವಷ್ಟು ಸಂಗಡಿಗರನ್ನು ಕೂಡಿಕೊಂಡು ಮರಳಿ ಬಂದು, ಮುಜಫರಪುರದ ಸೀಮೆಯಲ್ಲಿ ನೆರೆಯ ಭಯಕ್ಕೆ ಒಳಗಾದ ಹಳ್ಳಿಗಳನ್ನು ಸುರಕ್ಷಿತವಾದ ನೆಲದಲ್ಲಿ ಹೊಸದಾಗಿ ಕಟ್ಟುವ ಕೆಲಸಕ್ಕೆ ಇಲ್ಲಿಯವರ ಜೊತೆಯಲ್ಲಿ ಕೈಹಾಕಿದರು. 1937ರವರೆಗೆ ಮೂರು ಸಲ ಬಂದುಹೋದರು. ಊರವರ ಅಗತ್ಯವನ್ನು ಊರವರಿಂದಲೇ ಕೇಳಿ ತಿಳಿಯುವುದು, ಕೈಕೆಲಸವನ್ನು ಬಲ್ಲ ಕೆಲವರನ್ನು ಮಾತ್ರ ಕರೆತರುವುದು, ಹಿಡಿದ ಕೆಲಸ ಮುಗಿಯುವ ತನಕ ಮತ್ತೆ ಮತ್ತೆ ಬರುವುದು ಎಂಬ ಮೂರರಲ್ಲಿಯೇ ಸೇವಾಪ್ರವಾಸದ ಸಿದ್ಧತೆಯೆಲ್ಲವೂ ಅಡಗಿದೆಯೆಂದರೆ ತಪ್ಪಾಗಲಾರದು.

ಒಂದು ಕಾರ್ಡಿನ ಕಥೆ

ಸಿದ್ಧತೆಯು ಎಲ್ಲಿ ಕೊರತೆಯಾಗುವುದೆಂಬುದಕ್ಕೂ ನಿದರ್ಶನವುಂಟು. 1961ರ ಮಾರ್ಚಿಯಲ್ಲಿ ಅಮೇರಿಕದ ಅಧ್ಯಕ್ಷ ಕೆನೆಡಿಯವರು ಶಾಂತಿದಳವೆಂಬ ಸಂಸ್ಥೆಯನ್ನು ಸ್ಥಾಪಿಸಿ, ತಮ್ಮ ದೇಶದ ತರುಣ ತರುಣಿಯರನ್ನು ಹಿಂದುಳಿದ ದೇಶಗಳಿಗೆ ಕಳುಹಿಸತೊಡಗಿದರು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ತರಬೇತು ಪಡೆದ ಒಂದು ತಂಡವು ನೈಜೀರಿಯದ ಇಬಾದಾನಿನಲ್ಲಿ ಬಂದಿಳಿಯಿತು. ಆ ವರ್ಷದ ಅಕ್ಟೋಬರಿನಲ್ಲಿ, ಅವರಲ್ಲೊಬ್ಬ ಯುವತಿಯು ಊರಿನಲ್ಲಿದ್ದ ಸ್ನೇಹಿತರಿಗೆ ಬರೆದ ಕಾರ್ಡು ದಾರಿಯಲ್ಲಿ ಬಿದ್ದುಹೋಗಿ ಅಲ್ಲಿಯ ವಿದ್ಯಾರ್ಥಿಗಳ ಕೈಗೆ ಸಿಕ್ಕಿತು. ಜನರು ಬೀದಿಯಲ್ಲಿಯೇ ಬಾಳುವರು, ಬೀದಿಯಲ್ಲಿಯೇ ಅಡಿಗೆ ಮಾಡುವರು ಎಂಬಂತಹ ಮಾತುಗಳು ಅದರಲ್ಲಿದ್ದವು. ಅದರ ಪ್ರತಿಗಳು ವಿದ್ಯಾರ್ಥಿಗಳ ನಡುವೆ ಹರಡಿದವು; ಸ್ವಾತಂತ್ರ್ಯ ಪಡೆದು ವರ್ಷವೊಂದು ಕಳೆದಿದ್ದ ಆ ದೇಶದ ತರುಣರು ಕೆರಳಿದರು; ಭೋಜನಶಾಲೆಯಲ್ಲಿ ಅಮೇರಿಕದವರೊಡನೆ ಕುಳಿತು ಉಣ್ಣುವುದನ್ನೂ ಬಿಟ್ಟರು. ಆಕೆಯು ಸ್ವದೇಶಕ್ಕೆ ಮರಳಬೇಕಾಯಿತು.

ಆಕೆ ದುರುದ್ದೇಶದಿಂದ ಬರೆದವಳಲ್ಲ. ತನ್ನವರಿಗೆಂದು ಬರೆದುದನ್ನು ಆತಿಥೇಯರೂ ಓದಬಹುದೆಂಬ ಅರಿವು ಮಾತ್ರ ಅವಳಿಗಿರಲಿಲ್ಲ. ಅಂದು ಒಂದು ಕಾರ್ಡಿನಿಂದ ಆದುದು ಇಂದು ಪ್ರತಿಯೊಬ್ಬ ವಿದ್ಯಾರ್ಥಿಯ ಜೇಬಿನಲ್ಲಿರುವ ಮೊಬೈಲಿನಿಂದ ದಿನಕ್ಕೆ ಹತ್ತು ಸಲ ಆಗಬಹುದು. ಮೂಗು ಸುರಿಯುತ್ತಿರುವ ಮಗುವನ್ನು ಎತ್ತಿಕೊಂಡು ಚಿತ್ರ ತೆಗೆಯಿಸಿ ಲೋಕಕ್ಕೆಲ್ಲ ಹಂಚುವ ವಿದ್ಯಾರ್ಥಿಯು, ತನ್ನ ಸ್ವಂತ ತಂಗಿಯ ಅಂತಹ ಚಿತ್ರವನ್ನು ಅಪರಿಚಿತನೊಬ್ಬನು ತೆಗೆದು ಹಂಚಿದರೆ ಸಹಿಸುವನೇ? ಪ್ರಯಾಣಕ್ಕೆ ಮುನ್ನವೇ ಈ ವಿಷಯದಲ್ಲಿ ಕಟ್ಟುನಿಟ್ಟಾದ ನಿಯಮವನ್ನು ಮಾಡುವುದು ಶಿಕ್ಷಕರ ಕರ್ತವ್ಯ. ತಾಯಿತಂದೆಗಳ ಅನುಮತಿಯಿಲ್ಲದೆ ಯಾವ ಮಗುವಿನ ಚಿತ್ರವೂ ಕೂಡದು; ಅಲ್ಲಿಯ ಜನರು ಓದಿದರೆ ನಾಚಿಕೆಪಡಬೇಕಾದ ಯಾವ ಮಾತನ್ನೂ ಬರೆಯಕೂಡದು.

ಶಾಂತಿದಳದವರು 1961ರಿಂದ 1976ರ ವರೆಗೆ ನಮ್ಮ ದೇಶದಲ್ಲಿಯೂ ಇದ್ದರು. ಅಂದಿನ ಮೈಸೂರು ರಾಜ್ಯದ ಹಳ್ಳಿಗಳಲ್ಲಿಯೂ ಕೆಲಸ ಮಾಡಿದರು. ಇಂದು ಹೊರಡುವ ನಮ್ಮ ಮಕ್ಕಳು ಅಂದು ಅವರು ನಿಂತಿದ್ದ ಸ್ಥಳದಲ್ಲಿ ನಿಲ್ಲುವರು. ಅಂದು ನಾವು ನಿಂತಿದ್ದ ಸ್ಥಳದಲ್ಲಿ ಬೇರೊಂದು ದೇಶದ ಹಳ್ಳಿಯವರು ನಿಲ್ಲುವರು. ನೋಡಿಸಿಕೊಂಡವರಿಗೆ ನೋಟದ ಭಾರವು ತಿಳಿದಿರಬೇಕಾದುದು ಸಹಜವಷ್ಟೆ.

ಸೇವೆಯಿಂದಾಗುವ ಹಾನಿ

ಸಿದ್ಧತೆಯ ಕೊರತೆಯಿಂದ ಮನನೋವಿಗಿಂತಲೂ ಹೆಚ್ಚಿನ ಕೇಡಾಗುವುದುಂಟು. ಅದರಲ್ಲಿ ಮುಖ್ಯವಾದುದು ಅನಾಥಾಲಯಗಳ ವಿಷಯ. ಕಾಂಬೋಡಿಯದಲ್ಲಿ ಮಕ್ಕಳನ್ನಿರಿಸುವ ಇಂತಹ ಗೃಹಗಳು 2005ರಲ್ಲಿ 154 ಇದ್ದುವು. 2010ರ ವೇಳೆಗೆ 269 ಆದುವು. ಆ ದೇಶದ ಸಮಾಜ ಕಲ್ಯಾಣ ಸಚಿವಾಲಯವೂ ಯುನಿಸೆಫ್ ಸಂಸ್ಥೆಯೂ ಕೂಡಿ 2011ರಲ್ಲಿ ಹೊರಡಿಸಿದ ವರದಿಯಿಂದ ತಿಳಿದುಬಂದುದೇನು? ಅಲ್ಲಿದ್ದ ಮಕ್ಕಳಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಮಂದಿಗೆ ತಂದೆಯಾಗಲಿ ತಾಯಿಯಾಗಲಿ ಬದುಕಿದ್ದರು. ತಂದೆತಾಯಿಗಳಿಲ್ಲದ ಮಕ್ಕಳ ಸಂಖ್ಯೆಯು ಬೆಳೆದುದರಿಂದ ಈ ಗೃಹಗಳು ಬೆಳೆಯಲಿಲ್ಲ. ದಯೆಯಿಂದ ಹಣ ಕೊಡುವ ಪ್ರವಾಸಿಗರ ಸಂಖ್ಯೆಯು ಬೆಳೆದುದೇ ಅದಕ್ಕೆ ಮುಖ್ಯವಾದ ಕಾರಣಗಳಲ್ಲೊಂದು. ಬಡ ತಾಯಿಗೆ ವಿದ್ಯೆಯ ಆಸೆ ತೋರಿಸಿ ಮಗುವನ್ನು ಕರೆತರುವುದು, ಬಂದ ಅತಿಥಿಗಳ ಮುಂದೆ ಅದನ್ನು ಕುಣಿಸಿ ಹಾಡಿಸುವುದು! ವಾರಕ್ಕೊಂದು ಹೊಸ ಮುಖವು ಬಂದು ಮುದ್ದಿಸಿ ಮರೆಯಾದರೆ ಆ ಎಳೆಯ ಮನಸ್ಸು ಏನಾಗಬೇಕು? 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಮಕ್ಕಳ ಹಕ್ಕುಗಳ ಕುರಿತು ಮಾಡಿದ ನಿರ್ಣಯದಲ್ಲಿ ಅನಾಥಾಲಯಗಳ ಇಂತಹ ಸ್ವಯಂಸೇವೆಯ ಅಪಾಯವನ್ನೂ ಎತ್ತಿ ಹೇಳಿದೆ. ಆದುದರಿಂದ, ಕಾರ್ಯಕ್ರಮದಲ್ಲಿ ಅನಾಥಾಲಯದ ಭೇಟಿಯು ಕಂಡುಬಂದರೆ ಅದನ್ನು ತೆಗೆದುಹಾಕಬೇಕೆಂದು ತಂದೆತಾಯಿಗಳು ಸಂಕೋಚವಿಲ್ಲದೆ ಕೇಳಬೇಕು.

ಎರಡನೆಯದು ಕೈಕೆಲಸದ ವಿಷಯ. ಟಾಂಜಾನಿಯದಲ್ಲಿ ಗ್ರಂಥಾಲಯದ ಗೋಡೆ ಕಟ್ಟಲು ಶಾಲೆಯಿಂದ ಹೋಗಿದ್ದ ಅಮೇರಿಕದ ಯುವತಿಯೊಬ್ಬಳು 2014ರಲ್ಲಿ ಪ್ರಕಟಿಸಿದ ಲೇಖನವು ಬಹಳ ಚರ್ಚೆಗೆ ಒಳಗಾಯಿತು. ಹಗಲೆಲ್ಲ ವಿದ್ಯಾರ್ಥಿನಿಯರು ಕಟ್ಟಿದ ಗೋಡೆಯು ನೆಟ್ಟಗಿರುತ್ತಿರಲಿಲ್ಲ. ರಾತ್ರಿ ಅವರು ಮಲಗಿದ ಮೇಲೆ ಊರಿನ ಕೆಲಸಗಾರರು ಅದನ್ನು ಕೆಡವಿ ಸರಿಯಾಗಿ ಕಟ್ಟುತ್ತಿದ್ದರು. ಕರಣೆಯನ್ನು ಹಿಡಿದರಿಯದ ಮಕ್ಕಳನ್ನು ಸಾವಿರಾರು ಮೈಲು ದೂರಕ್ಕೆ ವಿಮಾನದಲ್ಲಿ ಕಳುಹಿಸಿ ಇಟ್ಟಿಗೆ ಇಡಿಸುವುದು ಯಾರ ಹಿತಕ್ಕೆ? ಆ ವಿಮಾನದ ಹಣದಲ್ಲಿ ಅಲ್ಲಿಯ ಗಾರೆಯವರು ಎಷ್ಟೋ ದಿವಸ ಕೂಲಿಯಿಂದ ಬಾಳುತ್ತಿದ್ದರು, ಗೋಡೆಯೂ ನೆಟ್ಟಗಿರುತ್ತಿತ್ತು.

1968ರ ಏಪ್ರಿಲ್ 20ರಂದು, ಮೆಕ್ಸಿಕೋ ದೇಶಕ್ಕೆ ಸೇವೆಗೆಂದು ಹೊರಟಿದ್ದ ಅಮೇರಿಕದ ವಿದ್ಯಾರ್ಥಿಗಳ ಮುಂದೆ ಐವಾನ್ ಇಲ್ಲಿಚ್ ಎಂಬ ಪಾದ್ರಿಗಳು ಮಾಡಿದ ಭಾಷಣವು ಇಂದಿಗೂ ಪ್ರಸಿದ್ಧವಾಗಿದೆ. ಅವರು ಮೆಕ್ಸಿಕೋದ ಕ್ವೆರ್ನವಾಕಾ ಪಟ್ಟಣದಲ್ಲಿ ಹೊರಗಿನವರಿಗೆ ಅಲ್ಲಿಯ ಭಾಷೆಯನ್ನು ಕಲಿಸುವ ಕೇಂದ್ರವನ್ನು ನಡೆಸಿದ್ದವರು, ವಿಷಯವನ್ನು ಬಲ್ಲವರು. ಬನ್ನಿ, ನೋಡಿ, ಬೆಟ್ಟಗಳನ್ನು ಹತ್ತಿ, ಕಲಿಯಿರಿ. ಸಹಾಯ ಮಾಡುವೆವೆಂದು ಮಾತ್ರ ಬರಬೇಡಿ ಎಂಬುದು ಅವರ ಭಾಷಣದ ಸಾರ. ಬಡವರ ನಡುವೆ ದುಡಿಯಲೇಬೇಕೆಂದಿದ್ದರೆ, ನಿಮ್ಮ ಮುಖಕ್ಕೆ ಬೇಡವೆಂದು ಹೇಳಬಲ್ಲ ಬಡವರ ನಡುವೆ ದುಡಿಯಿರಿ ಎಂದೂ ಅವರು ಖಂಡಿತವಾಗಿ ನುಡಿದರು. ಈ ಮಾತು ಕಟುವಾದುದು; ಅದನ್ನು ಪೂರ್ಣವಾಗಿ ಒಪ್ಪಲು ನಮ್ಮಿಂದ ಆಗದು. ಬಿಹಾರಕ್ಕೆ ಬಂದ ಸೆರೆಸೋಲರ ಉದಾಹರಣೆಯೇ ನಮ್ಮ ಮುಂದಿದೆ. ಆದರೆ ಅದರ ಎರಡನೆಯ ಭಾಗವು ಸಿದ್ಧತೆಯ ಕೀಲಿಕೈಯೇ ಆಗಿದೆಯೆಂದು ನಾವು ಬಗೆಯುತ್ತೇವೆ.

ಮನೆ ಗೆದ್ದು ಮಾರು ಗೆಲ್ಲು

ಬೇಡವೆಂದು ಮುಖಕ್ಕೆ ಹೇಳಬಲ್ಲ ಬಡವರು ಎಲ್ಲಿರುವರು? ನಮ್ಮ ಭಾಷೆಯನ್ನಾಡುವ ನಮ್ಮ ಊರಿನಲ್ಲಿಯೇ ಇರುವರು. ನಮ್ಮ ವಾರ್ಡಿನ ಪೌರಕಾರ್ಮಿಕರಿಗೆ ವಿದ್ಯಾರ್ಥಿಯು ಉಪದೇಶ ಮಾಡಹೋದರೆ, ಅವರು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಮೊದಲು ನಿನ್ನ ಮನೆಯ ಕಸವನ್ನು ಹಸಿ ಒಣ ಎಂದು ಬೇರೆ ಮಾಡಿ ಕೊಡಪ್ಪಾ ಎಂದು ಹೇಳಿಯಾರು. ಈ ಒಂದು ಮಾತಿನಿಂದ ಅವನಿಗಾಗುವ ನಾಯಕತ್ವದ ಶಿಕ್ಷಣವು ಹತ್ತು ಉಪನ್ಯಾಸಗಳಿಂದ ಆಗದು. ಪರಭಾಷೆಯ ಹಳ್ಳಿಯವರು ಮರ್ಯಾದೆಗಾಗಿ ನಕ್ಕು ಸುಮ್ಮನಾಗುವರು. ಆ ನಗೆಯನ್ನು ವಿದ್ಯಾರ್ಥಿಯು ಕೃತಜ್ಞತೆಯೆಂದು ತಿಳಿದು ಹಿಂದಿರುಗುವನು.

ಇದಕ್ಕೆ ನಮ್ಮಲ್ಲಿ ಏರ್ಪಾಡಿಲ್ಲವೆಂದು ಯಾರೂ ಹೇಳುವಂತಿಲ್ಲ. ಗಾಂಧೀ ಶತಾಬ್ದಿಯ ವರ್ಷದಲ್ಲಿ, 1969ರ ಸೆಪ್ಟೆಂಬರ್ 24ರಂದು, ಅಂದಿನ ಕೇಂದ್ರ ವಿದ್ಯಾಮಂತ್ರಿಗಳಾಗಿದ್ದ ಡಾಕ್ಟರ್ ವಿ. ಕೆ. ಆರ್. ವಿ. ರಾವ್ ಅವರು 37 ವಿಶ್ವವಿದ್ಯಾನಿಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯನ್ನು ಆರಂಭಿಸಿದರು. ಅದರಲ್ಲಿ ಸೇರಿದ ವಿದ್ಯಾರ್ಥಿಯು ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆಯನ್ನೂ ಏಳು ದಿವಸಗಳ ವಿಶೇಷ ಶಿಬಿರವನ್ನೂ ಪೂರೈಸಬೇಕು. ನನಗಲ್ಲ, ನಿನಗೆ ಎಂಬುದು ಅದರ ಧ್ಯೇಯವಾಕ್ಯ. ಈ ಗಂಟೆಗಳು ಎಷ್ಟೋ ಕಡೆ ಪುಸ್ತಕದಲ್ಲಿ ಮಾತ್ರ ತುಂಬುವುವೆಂಬುದು ಎಲ್ಲರೂ ಬಲ್ಲ ಗುಟ್ಟು. ಅವು ನಿಜವಾಗಿಯೂ ನೆಲದ ಮೇಲೆ ತುಂಬಿದರೆ, ಪರದೇಶಕ್ಕೆ ಹೊರಡುವವರಿಗೆ ಅದಕ್ಕಿಂತ ಒಳ್ಳೆಯ ತರಬೇತು ಬೇಕಾಗಿಲ್ಲ.

ಪರದೇಶವೆಂಬುದು ಸಮುದ್ರದಾಚೆಯೇ ಮೊದಲಾಗಬೇಕೆಂದೇನೂ ಇಲ್ಲ. 1984ರಲ್ಲಿ ಮೈಸೂರಿನ ವೈದ್ಯಕೀಯ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಂಬ ಸಂಸ್ಥೆಯನ್ನು ಕಟ್ಟಿ, ಮುಂದೆ ಹೆಗ್ಗಡದೇವನಕೋಟೆ ಸೀಮೆಯ ಕಾಡಿನ ಜನರ ನಡುವೆ ಕೆಲಸಕ್ಕೆ ತೊಡಗಿದರು. ಮೈಸೂರಿನಿಂದ ಒಂದು ಹಗಲಿನಲ್ಲಿ ಹೋಗಿ ಬರುವ ದೂರವಾದರೂ, ಜೇನುಕುರುಬರ ಹಾಡಿಗಳಲ್ಲಿ ಪಟ್ಟಣದ ವೈದ್ಯನು ಪರದೇಶಿಯೇ. ಅಲ್ಲಿಯೇ ನೆಲೆಸಿ ವರ್ಷಗಟ್ಟಲೆ ದುಡಿದುದರಿಂದಲೇ ಅಲ್ಲಿ ಆಸ್ಪತ್ರೆಯೂ ಶಾಲೆಯೂ ನಿಂತವು. ಅನಂತರ ಅಮೇರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಿಂದ ವಿದ್ಯಾರ್ಥಿಗಳು ಈ ಸಂಸ್ಥೆಯ ಜೊತೆಯಲ್ಲಿ ಕಲಿಯಲು ಬಂದುದುಂಟು. ಹೊರಗಿನವರು ಬರಬೇಕಾದ ರೀತಿಯೂ ಇದೇ. ಅಲ್ಲಿಯೇ ಬೇರುಬಿಟ್ಟ ಸಂಸ್ಥೆಯೊಂದರ ಕೈಕೆಳಗೆ, ಕಲಿಯುವವರಾಗಿ ಬರಬೇಕು.

ಸಿದ್ಧತೆಯ ಕ್ರಮ

ಇನ್ನು ಹೊರಡುವವರು ಮಾಡತಕ್ಕುದೇನೆಂಬುದನ್ನು ಹೇಳುವೆವು. ಕಡಮೆಯೆಂದರೆ ಆರು ತಿಂಗಳ ಸಿದ್ಧತೆಯು ಬೇಕು.

ಮೊದಲನೆಯದಾಗಿ, ಏರ್ಪಾಡು ಮಾಡುವವರನ್ನು ಕೆಲವು ಪ್ರಶ್ನೆಗಳನ್ನು ಕೇಳಿ ಬರವಣಿಗೆಯಲ್ಲಿ ಉತ್ತರ ಪಡೆಯಬೇಕು. ಈ ಕೆಲಸವು ಬೇಕೆಂದು ಆ ಊರಿನಲ್ಲಿ ಕೇಳಿದವರು ಯಾರು? ನಾವು ಬರುವುದಕ್ಕೆ ಮೊದಲು ಅದನ್ನು ಯಾರು ಮಾಡುತ್ತಿದ್ದರು, ನಾವು ಹೊರಟ ಮೇಲೆ ಯಾರು ಮಾಡುವರು? ನಮ್ಮಿಂದ ಯಾವನಾದರೂ ಕೂಲಿಕಾರನ ಕೂಲಿ ತಪ್ಪುವುದೇ? ನಾವು ಕೊಡುವ ನೂರು ರೂಪಾಯಿಗಳಲ್ಲಿ ಆ ಹಳ್ಳಿಗೆ ಸೇರುವುದೆಷ್ಟು? ಮಗುವಿಗೆ ಕಾಯಿಲೆಯಾದರೆ ಹೊಣೆ ಯಾರದು, ಹತ್ತಿರದ ಆಸ್ಪತ್ರೆ ಎಷ್ಟು ದೂರ? ಈ ಪ್ರಶ್ನೆಗಳಿಗೆ ಉತ್ತರ ಕೊಡಲು ಹಿಂಜರಿಯುವವರ ಕೈಗೆ ಮಕ್ಕಳನ್ನೂ ಕೊಡಬಾರದು, ಹಣವನ್ನೂ ಕೊಡಬಾರದು.

ಎರಡನೆಯದಾಗಿ ಭಾಷೆ. ಆರು ತಿಂಗಳಲ್ಲಿ ಯಾರೂ ಪಂಡಿತರಾಗರು. ಆದರೆ ಮರ್ಯಾದೆಯ ಮಾತುಗಳನ್ನಾದರೂ ಕಲಿಯಬಹುದು. ನಮ್ಮಲ್ಲಿ ನೀನು, ನೀವು ಎಂಬ ಭೇದವಿರುವಂತೆ ನೇಪಾಳಿಯಲ್ಲಿ ತಿಮಿ, ತಪಾಈಂ ಎಂಬ ಭೇದವುಂಟು. ಹಿರಿಯರನ್ನು ತಪಾಈಂ ಎಂದೇ ಕರೆಯಬೇಕು. ಟಾಂಜಾನಿಯದ ಸ್ವಾಹಿಲಿಯಲ್ಲಿ ಕಿರಿಯರು ಹಿರಿಯರಿಗೆ ಶಿಕಾಮೋ ಎಂದು ವಂದಿಸುವರು. ಹಿರಿಯರು ಮರಹಬಾ ಎಂದು ಸ್ವೀಕರಿಸುವರು. ಹಿರಿಯರಿಗೆ ತಲೆಬಾಗುವ ಮನೆಗಳಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಇದು ಕಷ್ಟವೇ? ಆ ದೇಶದ ಚರಿತ್ರೆಯ ಒಂದು ಪುಸ್ತಕವನ್ನಾದರೂ, ಆ ದೇಶದವರೇ ಬರೆದುದನ್ನು, ತಂಡದವರೆಲ್ಲರೂ ಓದಿ ಚರ್ಚಿಸಿರಬೇಕು.

ಮೂರನೆಯದಾಗಿ ಶರೀರವೂ ಕಾಗದಪತ್ರಗಳೂ. ಕೆನ್ಯ, ಯುಗಾಂಡಗಳಂತಹ ದೇಶಗಳಿಗೆ ಹೋಗುವವರು ಹಳದಿಜ್ವರದ ಚುಚ್ಚುಮದ್ದನ್ನು ಹಾಕಿಸಿಕೊಳ್ಳಬೇಕು. ಅದರ ಪ್ರಮಾಣಪತ್ರವು ಹಾಕಿಸಿಕೊಂಡ ಹತ್ತು ದಿವಸಗಳ ಮೇಲೆಯೇ ಊರ್ಜಿತವಾಗುತ್ತದೆ. 2016ರಿಂದ ಅದು ಆಜೀವ ಪರ್ಯಂತ ಸಲ್ಲುತ್ತದೆ. ಅದಿಲ್ಲದೆ ಮರಳಿದವರನ್ನು ನಮ್ಮ ವಿಮಾನ ನಿಲ್ದಾಣದಲ್ಲಿಯೇ ತಡೆದು ಪ್ರತ್ಯೇಕವಾಗಿ ಇರಿಸಬಹುದು. ಮಲೇರಿಯದ ಮಾತ್ರೆಗಳನ್ನು ಹೋಗುವುದಕ್ಕೆ ಮುಂಚೆ ಮೊದಲುಮಾಡಿ ಹಿಂದಿರುಗಿದ ಮೇಲೂ ವೈದ್ಯರು ಹೇಳಿದಷ್ಟು ಕಾಲ ಸೇವಿಸಬೇಕು. ಊರಿಗೆ ಬಂದೆವೆಂದು ನಿಲ್ಲಿಸುವವರೇ ಜ್ವರಕ್ಕೆ ತುತ್ತಾಗುವರು. ರಹದಾರಿಗೆ ಆರು ತಿಂಗಳಾದರೂ ಅವಧಿ ಉಳಿದಿರಬೇಕು. ಸಂಬಳವಿಲ್ಲದ ಕೆಲಸವನ್ನೂ ಬರಿಯ ಪ್ರವಾಸಿಯ ವೀಸಾದ ಮೇಲೆ ಮಾಡಕೂಡದೆಂಬ ಕಾಯಿದೆಯು ಅನೇಕ ದೇಶಗಳಲ್ಲಿದೆ. ಸೇವೆಗೆ ಹೋಗಿ ಕಾನೂನು ಮುರಿದವರೆನಿಸಿಕೊಳ್ಳಬಾರದು. ವಿಮೆಯನ್ನು ಮಾಡಿಸದೆ ಯಾರೂ ಹೊರಡಕೂಡದು.

ನಾಲ್ಕನೆಯದಾಗಿ ತಂಡದ ಶಿಸ್ತು. ನಾಯಕನನ್ನು ಅಂಕಗಳಿಂದಾಗಲಿ ಇಂಗ್ಲಿಷಿನ ನಿರರ್ಗಳತೆಯಿಂದಾಗಲಿ ಆರಿಸುವ ಪದ್ಧತಿಯನ್ನು ಬಿಟ್ಟು, ಹೊರಡುವುದಕ್ಕೆ ಮುನ್ನ ನಮ್ಮದೇ ಹಳ್ಳಿಯೊಂದರಲ್ಲಿ ಒಂದು ವಾರದ ಶಿಬಿರವನ್ನು ನಡೆಸಬೇಕು. ಅಡಿಗೆ, ಪಾತ್ರೆ ತೊಳೆಯುವುದು, ನೀರು ಹೊರುವುದು, ಶೌಚಗೃಹದ ಶುಚಿ, ದಿನದ ಲೆಕ್ಕ ಇವುಗಳನ್ನು ಸರದಿಯಂತೆ ಎಲ್ಲರೂ ಮಾಡಬೇಕು. ಮನೆಯಲ್ಲಿ ಕುಡಿದ ಲೋಟವನ್ನು ಕುಡಿದಲ್ಲಿಯೇ ಬಿಟ್ಟು ಏಳುವ ಹುಡುಗನು ಯಾರೆಂಬುದು ಮೂರನೆಯ ದಿನಕ್ಕೆ ತಾನಾಗಿಯೇ ತಿಳಿಯುವುದು. ಕೇಳದೆಯೇ ಪೊರಕೆಯನ್ನು ಹಿಡಿಯುವ ಹುಡುಗಿಯೂ ಆಗಲೇ ಕಾಣುವಳು. ನಾಯಕತ್ವವು ಅವಳಿಗೆ ಸಲ್ಲಬೇಕು.

ಕಡೆಯದಾಗಿ, ಹಿಂದಿರುಗಿದ ಮೇಲಿನ ಕೆಲಸವನ್ನೂ ಹೊರಡುವ ಮುನ್ನವೇ ಗೊತ್ತುಮಾಡಬೇಕು. ಆ ಹಳ್ಳಿಗೆ ಬರೆದ ಕಾಗದಕ್ಕೆ ಉತ್ತರ ಬಂದರೆ ಯಾರು ಓದುವರು? ಮುಂದಿನ ವರ್ಷದ ತಂಡಕ್ಕೆ ಯಾರು ತಿಳಿವಳಿಕೆ ಕೊಡುವರು? ಅಲ್ಲಿ ಕಂಡುದರಲ್ಲಿ ಯಾವುದನ್ನು ನಮ್ಮ ಊರಿನಲ್ಲಿ ಮಾಡಿ ತೋರಿಸುವರು? ಈ ಪ್ರಶ್ನೆಗಳನ್ನು ಕೇಳದಿದ್ದರೆ ಪ್ರವಾಸವು ಕಾಲೇಜಿನ ಪ್ರವೇಶಪತ್ರದಲ್ಲಿ ಒಂದು ಸಾಲಾಗಿ ಉಳಿದೀತೇ ಹೊರತು ಬೇರೆ ಫಲವಿಲ್ಲ.

ಒಂದು ಆಕ್ಷೇಪ

ಇಷ್ಟೆಲ್ಲ ಕಟ್ಟುಪಾಡುಗಳನ್ನು ಹೇಳಿದರೆ ಯಾರೂ ಹೊರಡಲಾರರೆಂದು ಕೆಲವರು ಆಕ್ಷೇಪಿಸಬಹುದು. ತರುಣರ ಉತ್ಸಾಹಕ್ಕೆ ತಣ್ಣೀರು ಎರಚುವುದು ನಮ್ಮ ಉದ್ದೇಶವಲ್ಲ. ಸಿದ್ಧತೆಗೆ ಕಾಲವಿಲ್ಲದವರು ನೋಡಲು ಹೋಗಲಿ, ಕಲಿಯಲು ಹೋಗಲಿ; ಅದು ಗೌರವದ ಕಾರ್ಯವೇ. ಹಾಗೆ ಹೋಗುವುದನ್ನು ವಿದ್ಯಾಪ್ರವಾಸವೆಂದು ಅದರ ನಿಜವಾದ ಹೆಸರಿನಿಂದಲೇ ಕರೆಯಲಿ. ಸೇವೆಯೆಂಬ ದೊಡ್ಡ ಹೆಸರನ್ನು ಹೊತ್ತು ಹೊರಡುವವರು ಮಾತ್ರ ಆ ಹೆಸರಿನ ಬೆಲೆಯನ್ನು ಮುಂಗಡವಾಗಿ ತೆರಬೇಕು. ಆ ಬೆಲೆಯು ರೂಪಾಯಿಗಳಲ್ಲಿಲ್ಲ. ಆರು ತಿಂಗಳ ಶ್ರಮದಲ್ಲಿಯೂ ವಿನಯದಲ್ಲಿಯೂ ಇದೆ. ಹಣವಂತರ ಮಕ್ಕಳೂ ಬಡವರ ಮಕ್ಕಳೂ ಸಮಾನವಾಗಿ ತೆರಬಲ್ಲ ಬೆಲೆಯೂ ಅದೊಂದೇ. ಸಿದ್ಧತೆಯಲ್ಲಿ ಮೇಲಾದ ಬಡ ವಿದ್ಯಾರ್ಥಿಗೆ ಪಾಠಶಾಲೆಯೇ ಖರ್ಚನ್ನು ವಹಿಸಿ ಕಳುಹಿಸಿದರೆ, ಅಂತಹ ತಂಡವು ನಮ್ಮ ನಾಡಿನ ನಿಜವಾದ ಪ್ರತಿನಿಧಿಯಾದೀತು.

ಪಾಠಶಾಲೆಗಳ ಮುಖ್ಯಸ್ಥರಲ್ಲಿಯೂ ಅಧಿಕಾರಿಗಳಲ್ಲಿಯೂ ನಮ್ಮ ಬಿನ್ನಹವಿಷ್ಟೆ. ಪರದೇಶದ ಸೇವಾಪ್ರವಾಸಕ್ಕೆ ಅನುಮತಿ ಕೊಡುವುದಕ್ಕೆ ಮೊದಲು, ಆ ವಿದ್ಯಾರ್ಥಿಯು ತನ್ನ ಊರಿನಲ್ಲಿ ಯಾರ ಕೈಕೆಳಗೆ, ಯಾವ ಕೆಲಸವನ್ನು, ಎಷ್ಟು ದಿವಸ ಮಾಡಿರುವನೆಂಬುದನ್ನು ವಿಚಾರಿಸಿ. ಆ ಕೆಲಸದಿಂದ ಪ್ರಯೋಜನ ಪಡೆದವರನ್ನೇ ಕರೆದು ಕೇಳಿ. ಅವರು ಇವನನ್ನು ಮತ್ತೆ ಕಳುಹಿಸಿರೆಂದು ಹೇಳಿದರೆ ಅಂತಹವನನ್ನು ಯಾವ ದೇಶಕ್ಕಾದರೂ ನಿಶ್ಚಿಂತೆಯಿಂದ ಕಳುಹಿಸಬಹುದು.